ಮೂಡುಬಿದಿರೆಗೆ ಕಳಿಸಿದ ಕುಪ್ಪಿ

ಗುರುವಾಯನಕೆರೆ
16 ಆಗಸ್ಟ್ 1998

ಮಗಳು ಸಾಲಿಹಾಳಿಗೆ ಉಪ್ಪನ ಸಲಾಂ.

ನಿನ್ನ ಕಾಗದ ಬಂತು. ಎರಡು ಪುಟದಲ್ಲಿ ಒಂದೂವರೆ ಪುಟ ಇಂಗ್ಲಿಷಿನ ಮೇಲೆ ದೂರು, ಉಳಿದದ್ದು ಹಾಸ್ಟೆಲಿನ ಸಾಂಬಾರಿನ ಮೇಲೆ. ಕೇಳಿ ನಿನ್ನ ಉಮ್ಮ ಕಣ್ಣೊರೆಸಿಕೊಂಡಳು, ನಾನು ನಕ್ಕೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳಿಗೆ ಪಿಯುಸಿಯಲ್ಲಿ ಒಮ್ಮೆಲೇ ಎಲ್ಲವೂ ಇಂಗ್ಲಿಷ್ ಆದರೆ ತಲೆ ತಿರುಗದೆ ಇರುತ್ತದೆಯೇ? ಆದರೆ ಸಯನ್ಸ್ ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮಾತ್ರ ನಾನು ಓದಲಿಲ್ಲ. ಅದರ ಮೇಲೆ ಚಹಾ ಚೆಲ್ಲಿತ್ತು.

ನನ್ನ ಜ್ವರ ಪೂರ್ತಿ ಬಿಟ್ಟಿದೆ, ನೆಗಡಿಯೂ ಹೋಗಿದೆ. ಗಟ್ಟಿ ಇದ್ದೇನೆ. ಪುನಃ ಪುನಃ ಕೇಳಬೇಡ.

ಅಂಗಡಿ ಎಂದಿನ ಹಾಗೆ ನಡೆಯುತ್ತಿದೆ. ವಾರವೆಲ್ಲ ಟೋಪಿ, ತಸ್ಬೀಹ್ ಮಣಿಸರ, ಕಣ್ಣಿಗೆ ಹಚ್ಚುವ ಸುರ್ಮಾ. ಶುಕ್ರವಾರ ಜುಮಾ ನಮಾಜಿಗೆ ಮೊದಲು ಅತ್ತರಿನ ಕಪಾಟಿನ ಮುಂದೆ ನೂಕುನುಗ್ಗಲು. ಅತ್ತರು ತರುತ್ತಿದ್ದ ಹಳೆಯ ಏಜೆಂಟ್ ವಯಸ್ಸಾಯಿತೆಂದು ವ್ಯಾಪಾರ ನಿಲ್ಲಿಸಿದ್ದಾನೆ. ಈಗ ಬರುವವನು ಹೊಸಬ, ಹರೆಯದವ, ಮಾತೆಲ್ಲ ಬೆಲ್ಲ. ಅವನು ತಂದ ಗುಲಾಬಿ ಅತ್ತರನ್ನು ಒಂದು ಸಣ್ಣ ಕುಪ್ಪಿಯಲ್ಲಿ ಹಾಕಿ, ಉಮ್ಮ ಮಾಡಿದ ಅಕ್ಕಿ ಪತ್ತಿರಿನ ಜೊತೆ ಕಟ್ಟಿ, ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಹುಕ್ರಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಹಚ್ಚಿ ನೋಡಿ ಹೇಗುಂಟು ಎಂದು ಬರಿ. ಮರೆಯಬೇಡ. ಆ ಕಪಾಟಿನ ಕೆಳಗೆ ಅಂಬೆಗಾಲಿಟ್ಟು ಬೆಳೆದವಳು ನೀನು, ನಿನ್ನ ಮೂಗಿಗೆ ತಿಳಿಯದ ಪರಿಮಳ ಇಲ್ಲ.

ಕೊಡೆ ಮರೆತು ಕ್ಲಾಸಿಗೆ ಹೋಗಬೇಡ ಎಂದು ಇಲ್ಲಿಂದಲೇ ಕೂಗುವ
ನಿನ್ನ ಉಪ್ಪ
ಮಹಮ್ಮದ್ ಕುಂಞಿ


ಮೂಡುಬಿದಿರೆ
24 ಆಗಸ್ಟ್ 1998

ಪ್ರೀತಿಯ ಉಪ್ಪಾ,

ನಿಮ್ಮ ಕಾಗದದ ಮೇಲೂ ಸಾಂಬಾರು ಚೆಲ್ಲಿದೆ. ಸರಿಯಾಗಿ "ಗಟ್ಟಿ ಇದ್ದೇನೆ" ಎಂಬಲ್ಲಿ. ಹಾಗಾಗಿ ನಾನೂ ಅದನ್ನು ಓದಿಲ್ಲ. ಮದ್ದು ತೆಗೆದುಕೊಳ್ಳುತ್ತಿದ್ದೀರಾ ಇಲ್ಲವಾ, ಉಮ್ಮನ ಹತ್ತಿರ ಕೇಳಿಯೇ ಕೇಳುತ್ತೇನೆ.

ಸಯನ್ಸ್ ಬಿಡುವುದಿಲ್ಲ. ಕಾರಣ ನೀವಲ್ಲ, ಕೆಮಿಸ್ಟ್ರಿಯ ಪದ್ಮಾಕ್ಷಿ ಮೇಡಂ. ಮೊನ್ನೆ ಹೈಡ್ರೋಕಾರ್ಬನ್ ಪಾಠ ಶುರುವಾಯಿತು. ನಾವು ಕನ್ನಡ ಮಾಧ್ಯಮದವರು ಹಿಂದಿನ ಬೆಂಚಿನಲ್ಲಿ ಮಣ್ಣಿನ ಬೊಂಬೆಗಳ ಹಾಗೆ ಕೂತಿದ್ದೆವು. ಮೇಡಂ ಪುಸ್ತಕ ಮುಚ್ಚಿ, ನನ್ನ ಕೋಣೆಯ ಕಾಂತಿಯನ್ನು ಕರೆದು ಮೇಜಿನ ಮುಂದೆ ನಿಲ್ಲಿಸಿದರು. "ಇವಳು ಕಾರ್ಬನ್. ಕಾರ್ಬನ್ನಿಗೆ ನಾಲ್ಕು ಕೈ ಬೇಕು. ಎರಡು ಕೈ ಉಂಟು, ಎರಡು ಜಡೆ ಉಂಟು, ಸಾಕು" ಎಂದರು. ನಾವು ನಾಲ್ಕು ಹುಡುಗಿಯರು ಹೈಡ್ರೋಜನ್ ಆಗಿ ಹೋಗಿ ಒಂದೊಂದನ್ನು ಹಿಡಿದುಕೊಂಡೆವು. ನನಗೆ ಎಡಗಡೆಯ ಜಡೆ. ಅದೇ ಮಿಥೇನ್. ಕಾಂತಿಯ ಮನೆಯ ಗೋಬರ್ ಗ್ಯಾಸಿನಲ್ಲಿ ಉರಿಯುವುದು ಅದೇ ಅಂತೆ! ಇನ್ನೊಬ್ಬಳು ಕಾರ್ಬನ್ ಬಂದು ಕಾಂತಿಯ ಒಂದು ಕೈ ಹಿಡಿದರೆ ಈಥೇನ್. ಮೂವರಾದರೆ ಪ್ರೊಪೇನ್, ನಾಲ್ವರಾದರೆ ಬ್ಯೂಟೇನ್. ನಮ್ಮ ಮನೆಯ ಸಿಲಿಂಡರಿನಲ್ಲಿ ಇರುವುದು ಈ ಕೊನೆಯ ಇಬ್ಬರು. ಇವುಗಳಿಗೆ ಸ್ವಂತ ವಾಸನೆಯೇ ಇಲ್ಲವಂತೆ ಉಪ್ಪಾ. ಸೋರಿದರೆ ಜನರಿಗೆ ತಿಳಿಯಲಿ ಎಂದು ಆ ಕೆಟ್ಟ ವಾಸನೆಯನ್ನು ಕಂಪೆನಿಯವರೇ ಸೇರಿಸುವುದಂತೆ.

ಯಾವ ಕೈಯೂ, ಯಾವ ಜಡೆಯೂ ಖಾಲಿ ಉಳಿಯದಿದ್ದರೆ ಅದು ಪರ್ಯಾಪ್ತ. ಹೊಸಬರು ಬಂದರೆ ಹಿಡಿಯಲು ಜಾಗವಿಲ್ಲ. ಅದಕ್ಕೇ ಇವು ಸುಲಭದಲ್ಲಿ ಯಾರ ಜೊತೆಗೂ ಸೇರುವುದಿಲ್ಲ, ತಮ್ಮಷ್ಟಕ್ಕೆ ಇರುತ್ತವೆ. ಪಾಠ ಮುಗಿದ ಮೇಲೂ ಕಾಂತಿ ತಲೆ ಉಜ್ಜಿಕೊಳ್ಳುತ್ತಿದ್ದಳು, ಆದರೆ ನಮಗೆ ಯಾರಿಗೂ ಮಿಥೇನ್ ಇನ್ನು ಮರೆಯುವುದಿಲ್ಲ.

ಗುಲಾಬಿ ಅತ್ತರು ತುಂಬ ಚೆನ್ನಾಗುಂಟು. ಇಡೀ ಕೋಣೆ ಗಮಗಮ.

ಪತ್ತಿರ್ ಎಲ್ಲ ಕಾಂತಿಯೇ ತಿಂದಳು ಎಂದು ಉಮ್ಮನಿಗೆ ಹೇಳಬೇಡಿ.

ನಿಮ್ಮ
ಸಾಲಿಹಾ (ಎಡಗಡೆಯ ಹೈಡ್ರೋಜನ್)


ಗುರುವಾಯನಕೆರೆ
12 ಸೆಪ್ಟೆಂಬರ್ 1998

ಎಡಗಡೆಯ ಹೈಡ್ರೋಜನ್ನಿಗೆ,

ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಈಗ ಗುರುವಾಯನಕೆರೆಯಲ್ಲಿ ಮಿಥೇನ್ ಗೊತ್ತಿಲ್ಲದವರು ಕಡಿಮೆ. ಏಳನೆಯಲ್ಲಿ ಶಾಲೆ ಬಿಟ್ಟ ನನಗೇ ತಿಳಿಯಿತು ಎಂದರೆ ನಿಮ್ಮ ಮೇಡಂ ದೊಡ್ಡವರೇ ಸರಿ, ಅವರಿಗೆ ನನ್ನ ಸಲಾಂ ಹೇಳು.

ಒಂದು ಸಂತೋಷದ ಸುದ್ದಿ. ಪುಂಜಾಲಕಟ್ಟೆಯ ಅಬ್ದುಲ್ ವಹಾಬ್ ದುಬೈಯಿಂದ ಬಂದಿದ್ದಾರೆ. ನವೆಂಬರ್ ಎಂಟಕ್ಕೆ ಅವರ ಮಗಳು ಜಸ್ನಾಳ ಮದುವೆ. ಬಂದವರ ಕೈಗೆಲ್ಲ ಸವರಲು ಅತ್ತರು ನಮ್ಮ ಅಂಗಡಿಯದ್ದೇ ಆಗಬೇಕು ಎಂದರು. ದುಬೈಯಲ್ಲಿ ಸಿಗದ ಅತ್ತರು ಉಂಟೇ ಮಗಳೇ? ಆದರೂ ನನ್ನ ಹತ್ತಿರ ಬಂದರು. "ನಿಮ್ಮ ಮೂಗಿನ ಮೇಲೆ ನಂಬಿಕೆ ಕಾಕಾ" ಎಂದರು. ನೀನು ಗಮಗಮ ಎಂದು ಬರೆದದ್ದು ನನ್ನ ಕಿಸೆಯಲ್ಲೇ ಇತ್ತು. ಗುಲಾಬಿಯೇ ಆಗಲಿ ಎಂದು ಮಾತು ಕೊಟ್ಟೆ, ಏಜೆಂಟಿಗೆ ಹೇಳಿ ಒಂದು ದೊಡ್ಡ ಕ್ಯಾನ್ ತರಿಸಿ ಇಟ್ಟಿದ್ದೇನೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಜನ ಆ ಮದುವೆಗೆ ಬರುತ್ತಾರೆ. ಎಲ್ಲರ ಕೈಯಲ್ಲಿ ನನ್ನ ಅಂಗಡಿಯ ಪರಿಮಳ ಇರುತ್ತದೆ.

ದಸರಾ ರಜೆಗೆ ಬೇಗ ಬಾ. ನೀನಿಲ್ಲದೆ ಉಮ್ಮನ ಜೊತೆ ಜಗಳವಾಡಲು ಜನ ಇಲ್ಲ.

ಎದೆ ಉಬ್ಬಿಸಿಕೊಂಡು ಕೂತಿರುವ
ಉಪ್ಪ


ಮೂಡುಬಿದಿರೆ
7 ಅಕ್ಟೋಬರ್ 1998

ಅಕ್ಕಾ,

ನೀನು ನರಿಕೊಂಬಿಗೆ ಮದುವೆಯಾಗಿ ಹೋದ ಮೇಲೆ ನಿನಗೆ ನಾನು ಇಷ್ಟು ಉದ್ದ ಬರೆದದ್ದು ಇದೇ ಮೊದಲು. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ದಸರಾ ರಜೆಯಲ್ಲಿ ಮನೆಗೆ ಹೋಗಿದ್ದೆನಲ್ಲ. ಒಂದು ದಿನ ಮಧ್ಯಾಹ್ನ ಉಮ್ಮ ಕಾವಲಿಯ ಮೇಲೆ ಬಂಗುಡೆ ಹಾಕಿ, ಮಳೆ ಬಂತೆಂದು ಒಣಗಿದ ಬಟ್ಟೆ ತರಲು ಓಡಿದರು. ಉಪ್ಪ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ನಾನು ಸ್ನಾನದ ಕೋಣೆಯಲ್ಲಿದ್ದೆ. ಸುಟ್ಟ ವಾಸನೆ ನನಗೆ ಅಲ್ಲಿಗೇ ಬಂತು. ಓಡಿ ಬಂದು ನೋಡಿದರೆ ಮೀನು ಕರಿಯಾಗಿದೆ, ಹೊಗೆ ಏಳುತ್ತಿದೆ, ಉಪ್ಪ ಪುಟ ಮಗುಚುತ್ತಿದ್ದಾರೆ! ಹೊಗೆ ಕಣ್ಣಿಗೆ ತಾಗಿದ ಮೇಲೆಯೇ ತಲೆ ಎತ್ತಿದ್ದು. ಎತ್ತಿದವರು "ಎಂತ ಇದು, ನಿನ್ನ ಉಮ್ಮನಿಗೆ ಒಲೆ ಮೇಲೆ ಗಮನ ಇಲ್ಲ" ಎಂದು ಬೈದು ಎದ್ದು ಹೋದರು.

ಉಮ್ಮ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮೆಲ್ಲ ಹೇಳಿದರು. "ಜ್ವರ ಬಂದು ಹೋದ ಮೇಲೆ ಹೀಗೆಯೇ. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ನಾನು ಕೇಳಿದರೆ ಹಾರಾಡ್ತಾರೆ. ನೀನು ಕೇಳಬೇಡ ಮಗಳೇ, ಅವರಿಗೆ ಅಂಗಡಿಯೇ ಜೀವ."

ಅತ್ತರು ಮಾರುವವರಿಗೆ ಮೂಗಿಲ್ಲ ಅಕ್ಕಾ. ಅವರು ಕಪಾಟಿನ ಮುಂದೆ ನಿಂತು, ಹತ್ತಿಗೆ ಅತ್ತರು ತಾಗಿಸಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರಲ್ಲ, ಈಗಲೂ ಹಾಗೆಯೇ ಮಾಡುತ್ತಾರೆ. ಬರೀ ನಟನೆ.

ಇನ್ನೂ ಕೆಟ್ಟದ್ದು ಉಂಟು. ಆಗಸ್ಟಿನಲ್ಲಿ ನನಗೆ ಕಳಿಸಿದ ಗುಲಾಬಿಗೆ ಪರಿಮಳವೇ ಇರಲಿಲ್ಲ. ಹಚ್ಚಿದ ಕ್ಷಣ ಗುಲಾಬಿಯ ಒಂದು ಎಳೆ ಬಂದ ಹಾಗಾಯಿತು, ಆಮೇಲೆ ಬರೀ ಎಣ್ಣೆ. ಕಾಯಿಲೆಯಿಂದ ಎದ್ದವರ ಮನಸ್ಸು ಯಾಕೆ ನೋಯಿಸಬೇಕು ಎಂದು ಗಮಗಮ ಎಂದು ಬರೆದುಬಿಟ್ಟೆ. ಈಗ ಅದೇ ಎಣ್ಣೆಯ ಕ್ಯಾನ್ ಅಂಗಡಿಯಲ್ಲಿ ಉಂಟು. ನಾನು ಮುಚ್ಚಳ ತೆಗೆದು ನೋಡಿದೆ, ಅದೂ ಹಾಗೆಯೇ. ವಹಾಬ್ ಕಾಕನ ಮಗಳ ಮದುವೆಯಲ್ಲಿ ಅದನ್ನು ಎಲ್ಲರ ಕೈಗೆ ಸವರಿದರೆ ಉಪ್ಪನ ಅಂಗಡಿ ಮುಗಿಯಿತು. ಹೇಳಿದರೆ ಉಪ್ಪನೇ ಮುಗಿಯುತ್ತಾರೆ ಎಂದು ಹೆದರಿಕೆ. ಎಂತ ಮಾಡಲಿ?

ನಿನ್ನ
ಸಾಲಿಹಾ


ನರಿಕೊಂಬು
10 ಅಕ್ಟೋಬರ್ 1998

ಸಾಲಿಹಾ,

ಅಳುವುದು ನಿಲ್ಲಿಸು. ಮೊದಲನೆಯ ವಿಷಯ: ಸಿಲಿಂಡರಿನ ಹತ್ತಿರ ಉಪ್ಪನನ್ನು ಒಬ್ಬರೇ ಬಿಡಬಾರದೆಂದು ಉಮ್ಮನಿಗೆ ಇವತ್ತೇ ಹೇಳಿ ಕಳಿಸಿದ್ದೇನೆ. ಸೋರಿದರೆ ಅವರಿಗೆ ತಿಳಿಯುವುದಿಲ್ಲ. ನೀನು ಇಷ್ಟೆಲ್ಲ ಕೆಮಿಸ್ಟ್ರಿ ಓದಿ ಅದನ್ನು ಯೋಚಿಸಲಿಲ್ಲವಾ?

ಎರಡನೆಯದು, ಉಪ್ಪನಿಗೆ ನೀನೇ ಹೇಳು. ಮದುವೆಗೆ ಇನ್ನು ಒಂದು ತಿಂಗಳೂ ಇಲ್ಲ. ನಿನಗೆ ಆಗದಿದ್ದರೆ ನಾನು ಹೋಗಿ ಹೇಳುತ್ತೇನೆ, ಆದರೆ ನಾನು ಹೇಗೆ ಹೇಳುತ್ತೇನೆ ಎಂದು ನಿನಗೆ ಗೊತ್ತಲ್ಲ?

ಸಬೀಹಾ


ಮೂಡುಬಿದಿರೆ
13 ಅಕ್ಟೋಬರ್ 1998

ಪ್ರೀತಿಯ ಉಪ್ಪಾ,

ನಮ್ಮ ಹೈಡ್ರೋಕಾರ್ಬನ್ ಪಾಠ ಮುಂದೆ ಹೋಗಿದೆ. ಕಾರ್ಬನ್‌ಗಳು ಕೈ ಹಿಡಿದು ಸಾಲು ಉದ್ದವಾದ ಹಾಗೆ ಗ್ಯಾಸ್ ಹೋಗಿ ನೀರಿನಂಥದ್ದು ಆಗುತ್ತದೆ, ಮತ್ತೂ ಉದ್ದವಾದರೆ ದಪ್ಪ ಎಣ್ಣೆ, ಕೊನೆಗೆ ಮೇಣದಬತ್ತಿಯ ಮೇಣ. ನಡುವೆ ಒಂದು ಎಣ್ಣೆ ಉಂಟು, ಲಿಕ್ವಿಡ್ ಪ್ಯಾರಾಫಿನ್ ಎಂದು. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಡುವುದೂ ಇಲ್ಲ. ಪ್ಯಾರಾಫಿನ್ ಎಂದರೆ ಯಾರ ಜೊತೆಗೂ ಹೆಚ್ಚು ಒಲವಿಲ್ಲದ್ದು ಎಂದು ಅರ್ಥವಂತೆ. ಕೆಲವರು ಅದನ್ನು ಅತ್ತರಿಗೆ ಬೆರೆಸುತ್ತಾರೆ ಎಂದು ಮೇಡಂ ಹೇಳಿದರು.

ಕಂಡುಹಿಡಿಯಲು ಸುಲಭದ ಪರೀಕ್ಷೆ ಉಂಟು. ಒಳ್ಳೆಯ ಅತ್ತರಿನ ಒಂದು ಹನಿ ಸ್ಪಿರಿಟಿನಲ್ಲಿ ಕರಗುತ್ತದೆ. ಪ್ಯಾರಾಫಿನ್ ಕರಗುವುದಿಲ್ಲ, ಬೇರೆಯೇ ನಿಲ್ಲುತ್ತದೆ. ಮೂಗು ಬೇಡ, ಕಣ್ಣು ಸಾಕು. ಮೇಡಂ ನಮ್ಮ ಲ್ಯಾಬಿನಲ್ಲಿ ಮಾಡಿ ನೋಡಲು ಒಪ್ಪಿದ್ದಾರೆ. ನಿಮ್ಮ ಕಪಾಟಿನಿಂದ ಹಳೆಯ ಗುಲಾಬಿ ಒಂದಿಷ್ಟು, ಹೊಸ ಗುಲಾಬಿ ಒಂದಿಷ್ಟು ಹುಕ್ರಪ್ಪಣ್ಣನ ಕೈಯಲ್ಲಿ ಕಳಿಸುತ್ತೀರಾ? ಬರೀ ಪಾಠಕ್ಕೆ ಉಪ್ಪಾ, ಬೇರೆ ಏನೂ ಇಲ್ಲ.

ಈ ವಾರವೇ ಕಳಿಸಿ.

ನಿಮ್ಮ
ಸಾಲಿಹಾ


ಗುರುವಾಯನಕೆರೆ
17 ಅಕ್ಟೋಬರ್ 1998

ಸಾಲಿಹಾ,

ಸ್ಪಿರಿಟ್! ಮಾರಾಯ್ತಿ, ನಿನಗೆ ತಲೆ ಸಮ ಉಂಟಾ? ನನ್ನ ಅಂಗಡಿಯ ಬೋರ್ಡಿನಲ್ಲಿ ಏನು ಬರೆದಿದೆ? "ಸ್ಪಿರಿಟ್ ಇಲ್ಲದ ಶುದ್ಧ ಅತ್ತರು." ಆ ನಾಲ್ಕು ಪದದ ಮೇಲೆ ನಿನ್ನ ಅಕ್ಕನ ಮದುವೆ ಆಯಿತು, ನಿನ್ನ ಹಾಸ್ಟೆಲ್ ನಡೆಯುತ್ತಿದೆ. ನಮಾಜಿಗೆ ಹೋಗುವವರು ಸೆಂಟ್ ಬಿಟ್ಟು ನನ್ನ ಹತ್ತಿರ ಬರುವುದೇ ನನ್ನ ಅತ್ತರಿನಲ್ಲಿ ಹೆಂಡದ ಜಾತಿಯ ಸ್ಪಿರಿಟ್ ಇಲ್ಲವೆಂದು. ಈಗ ಕುಂಞಿಯ ಮಗಳು ಅತ್ತರನ್ನು ಸ್ಪಿರಿಟಿನಲ್ಲಿ ಮುಳುಗಿಸಿದಳು ಎಂದು ಸುದ್ದಿಯಾದರೆ ನಾನು ಮಸೀದಿಯ ಮೆಟ್ಟಿಲು ಹೇಗೆ ಹತ್ತಲಿ?

ಸಿಟ್ಟಿನಲ್ಲಿ ಮಸೀದಿಯ ಉಸ್ತಾದರ ಹತ್ತಿರ ಹೋಗಿ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಮಕ್ಕಳು ಪಾಠ ಕಲಿಯಲಿ ಬಿಡಿ, ಅದನ್ನು ಯಾರೂ ಹಚ್ಚಿಕೊಳ್ಳುವುದಿಲ್ಲವಲ್ಲ" ಎಂದರು. ಹಾಗಾಗಿ ಎರಡೂ ಕುಪ್ಪಿ ಕಳಿಸಿದ್ದೇನೆ. ಕೆಂಪು ದಾರ ಕಟ್ಟಿದ್ದು ಹಳೆಯದು, ಹಸಿರು ದಾರದ್ದು ಹೊಸತು. ಸ್ಪಿರಿಟಿಗೆ ಹಾಕಿದ ಹನಿಯನ್ನು ಅಲ್ಲೇ ಚೆಲ್ಲು. ನನ್ನ ಮನೆಗೆ ತರಬೇಡ.

ಆ ಪರೀಕ್ಷೆಯಲ್ಲಿ ಏನಾಯಿತು ಎಂದು ಬರಿ. ಸುಮ್ಮನೆ ಕೇಳಿದ್ದು.

ಉಪ್ಪ


ಮೂಡುಬಿದಿರೆ
21 ಅಕ್ಟೋಬರ್ 1998

ಪ್ರೀತಿಯ ಉಪ್ಪಾ,

ಇದನ್ನು ಒಬ್ಬರೇ ಕೂತು ಓದಿ, ಅಂಗಡಿಯಲ್ಲಿ ಓದಿ ಹೇಳಬೇಡಿ.

ಎರಡು ಗಾಜಿನ ನಳಿಗೆಯಲ್ಲಿ ಸ್ಪಿರಿಟ್ ಹಾಕಿದೆವು. ಕೆಂಪು ದಾರದ ಅತ್ತರು ಕರಗಿತು. ತೆಳು ಮಂಜಿನಷ್ಟು ಮಸುಕು ಉಳಿಯಿತು, ಇದೂ ಬೆರಕೆಯಾ ಎಂದು ಕೇಳಿದೆ. ಮೇಡಂ ಹೇಳಿದರು, ಗುಲಾಬಿ ಹೂವೇ ತನ್ನೊಳಗೆ ಸ್ವಲ್ಪ ಮೇಣ ಮಾಡಿಕೊಳ್ಳುತ್ತದಂತೆ, ಅದೂ ಪ್ಯಾರಾಫಿನ್ನಿನ ಜಾತಿಯದ್ದೇ, ಇಷ್ಟು ಮಸುಕು ಇದ್ದರೆ ಹೂವು ನಿಜವಾದದ್ದು ಎಂದು.

ಹಸಿರು ದಾರದ್ದನ್ನು ಹಾಕಿ ಅಲ್ಲಾಡಿಸಿದೆವು. ಹಾಲಿನ ಹಾಗೆ ಬೆಳ್ಳಗಾಯಿತು. ಇಟ್ಟು ನೋಡಿದರೆ ಸ್ವಲ್ಪ ಹೊತ್ತಿಗೆ ಎಣ್ಣೆಯ ಹನಿಗಳು ಒಂದೊಂದಾಗಿ ಕೆಳಗೆ ಇಳಿದು, ಅಡಿಯಲ್ಲಿ ಒಟ್ಟಾಗಿ ಕೂತವು. ಎಷ್ಟು ಸಲ ಅಲ್ಲಾಡಿಸಿದರೂ ಸ್ಪಿರಿಟಿಗೆ ಸೇರಲಿಲ್ಲ. ಅದು ಅತ್ತರಲ್ಲ ಉಪ್ಪಾ. ಹೆಚ್ಚಿನದೆಲ್ಲ ಪ್ಯಾರಾಫಿನ್. ಮೇಲಿಂದ ಆ ಹೊಸ ಏಜೆಂಟ್ ನಾಲ್ಕು ಹನಿ ಗುಲಾಬಿ ಹಾಕಿದ್ದಾನೆ ಅಷ್ಟೇ.

ಆ ಕ್ಯಾನನ್ನು ಮದುವೆಗೆ ಕೊಡಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ
ಸಾಲಿಹಾ


ಗುರುವಾಯನಕೆರೆ
2 ನವೆಂಬರ್ 1998

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ನೀನು ದಿನಾ ಹುಕ್ರಪ್ಪನ ಬಸ್ಸಿಗೆ ಬಂದು ಕೇಳುತ್ತೀ ಎಂದು ಅವನು ಹೇಳಿದ. ಇವತ್ತು ಬರೆಯುತ್ತೇನೆ.

ನಿನ್ನ ಕಾಗದ ಓದಿ ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಉಮ್ಮನ ಮೇಲೆ ಹಾರಾಡಿದೆ. ಅವಳು ಅಡುಗೆಮನೆಗೆ ಹೋದಳು. ಒಂದು ಈರುಳ್ಳಿ ಕೊಯ್ದು ನನ್ನ ಮೂಗಿನ ಕೆಳಗೆ ಹಿಡಿದಳು. ಕಣ್ಣಿನಲ್ಲಿ ನೀರು ಬಂತು, ಮೂಗಿಗೆ ಏನೂ ಬರಲಿಲ್ಲ. ಆಮೇಲೆ ಕಣ್ಣಿನ ನೀರು ಈರುಳ್ಳಿಯದ್ದು ಮಾತ್ರ ಆಗಿರಲಿಲ್ಲ.

ಹೌದು ಸಾಲಿಹಾ. ಜ್ವರ ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೂಗು ಸರಿಯಾದರೆ ತಾನಾಗಿಯೇ ಆಗಬೇಕು ಎನ್ನುತ್ತಾರೆ ಬೆಳ್ತಂಗಡಿಯ ಡಾಕ್ಟರು. ನನ್ನ ಬಾಪ ಕಲಿಸಿದ ಕೆಲಸ ಇದೊಂದೇ. ಅದು ಹೋಯಿತೆಂದು ಯಾರಿಗೆ ಹೇಳಲಿ? ಉಮ್ಮನಿಗೂ ಹೇಳಲಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಆಗಸ್ಟಿನಲ್ಲಿ ಆ ಕುಪ್ಪಿಯನ್ನು ನಿನಗೆ ಯಾಕೆ ಕಳಿಸಿದೆ ಎಂದುಕೊಂಡೆ? ಪ್ರೀತಿಗೆ ಪತ್ತಿರ್ ಕಳಿಸಿದ್ದು. ಕುಪ್ಪಿ ಕಳಿಸಿದ್ದು ಪರೀಕ್ಷೆಗೆ. ನನಗೆ ತಿಳಿಯದ್ದನ್ನು ನಿನ್ನ ಮೂಗು ಹೇಳಲಿ ಎಂದು. ನೀನು ಗಮಗಮ ಎಂದು ಬರೆದೆ. ಆ ಒಂದು ಪದ ನಂಬಿ ನಾನು ವಹಾಬರಿಗೆ ಮಾತು ಕೊಟ್ಟೆ.

ಬೈಯುವುದಿಲ್ಲ. ಗಟ್ಟಿ ಇದ್ದೇನೆ ಎಂದು ಬರೆದವನು ನಾನೇ. ನೀನು ನನ್ನನ್ನು ನೋಯಿಸಬಾರದೆಂದು, ನಾನು ನಿನ್ನನ್ನು ಹೆದರಿಸಬಾರದೆಂದು, ಇಬ್ಬರೂ ಸೇರಿ ಒಂದು ಕ್ಯಾನ್ ಪ್ಯಾರಾಫಿನ್ ತಂದೆವು. ಅದರಲ್ಲಿ ಈಗ ಉಮ್ಮ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದಾಳೆ. ಮನೆಯ ಯಾವ ಬಾಗಿಲೂ ಕಿರುಗುಟ್ಟುವುದಿಲ್ಲ.

ನಿನ್ನೆ ಪುಂಜಾಲಕಟ್ಟೆಗೆ ಹೋದೆ. ಮದುವೆ ಮನೆಯ ಚಪ್ಪರದ ಕೆಳಗೆ ನಿಂತು ವಹಾಬರಿಗೆ ಎಲ್ಲ ಹೇಳಿದೆ, ಎಣ್ಣೆಯದ್ದು, ಮೂಗಿನದ್ದು. ಅವರು "ಮೂಗಿಲ್ಲದೆ ಅತ್ತರು ಹೇಗೆ ಮಾರ್ತೀರಿ ಕಾಕಾ?" ಎಂದರು. "ನನ್ನ ಮಗಳಿಗೆ ಮೂಗುಂಟು. ಅವಳಿಗೆ ಹೊಗಳುವ ಅಭ್ಯಾಸ ಉಂಟು, ಅದೊಂದನ್ನು ಬಿಡಿಸ್ತೇನೆ" ಎಂದೆ. ಒಳಗೆ ಬಾಗಿಲ ಹಿಂದೆ ಮದುಮಗಳು ನಕ್ಕದ್ದು ಕೇಳಿತು. "ಹಾಗಾದರೆ ಅವಳು ಆರಿಸಿದ್ದೇ ಆಗಲಿ ಬಾಪಾ" ಎಂದಳು ಜಸ್ನಾ. ವಹಾಬ್ ಒಪ್ಪಿದರು.

ಕಪಾಟಿನಲ್ಲಿ ಹಳೆಯ ಏಜೆಂಟಿನ ಕಾಲದ ದೊಡ್ಡ ಕುಪ್ಪಿಗಳು ಉಂಟು. ಚಂದನ, ಹಿನಾ, ಲಾವಂಚ. ಯಾವುದು ಚೆನ್ನಾಗಿದೆ, ಯಾವುದು ಹಳಸಿದೆ, ನನಗೆ ಹೇಳಲು ಬರುವುದಿಲ್ಲ. ವಾರ್ಡನ್ನರಿಗೆ ಬೇರೆ ಕಾಗದ ಬರೆದಿದ್ದೇನೆ. ಶುಕ್ರವಾರ ಸಂಜೆಯ ಬಸ್ಸಿಗೆ ಬಾ. ಸುಳ್ಳು ಹೇಳುವುದಾದರೆ ಬರಬೇಡ.

ಕಾಯುವ
ಉಪ್ಪ


ಮೂಡುಬಿದಿರೆ
11 ನವೆಂಬರ್ 1998

ಪ್ರೀತಿಯ ಉಪ್ಪಾ,

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿಂದ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸಿ. ನೀವು ಬೈದಿದ್ದರೆ ಸುಲಭವಾಗುತ್ತಿತ್ತು.

ಶನಿವಾರ ಅಂಗಡಿಯ ಬಾಗಿಲು ಅರ್ಧ ಹಾಕಿ, ನೀವು ಒಂದೊಂದು ಕುಪ್ಪಿ ತೆಗೆದು ಹತ್ತಿ ಕೊಡುತ್ತಿದ್ದಿರಲ್ಲ, ನನಗೆ ಅಷ್ಟು ಹೆದರಿಕೆ ಪರೀಕ್ಷೆಯ ಹಾಲಿನಲ್ಲೂ ಆಗಿಲ್ಲ. ಹಿನಾದ ಕುಪ್ಪಿ ಬಂದಾಗ ನೀವು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿರಿ. ಅಜ್ಜನ ಕಾಲದ್ದು ಎಂದಿರಿ. ಅದು ಪೂರ್ತಿ ಹಳಸಿತ್ತು. ನಾನು "ಇದು ಹೋಗಿದೆ ಉಪ್ಪಾ" ಎಂದೆ. ನಿಮ್ಮ ಮುಖ ಸಣ್ಣದಾಯಿತು. ಅದನ್ನು ಒರೆಸಿ, ಬೇರೆ ಕಡೆ ಇಟ್ಟು, ಮುಂದಿನ ಹತ್ತಿ ಕೊಟ್ಟಿರಿ. ಆ ಹೊತ್ತಿನಲ್ಲಿ ನಿಮ್ಮ ಮೇಲೆ ಬಂದಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.

ಮದುವೆಯಲ್ಲಿ ನಾನು ಆರಿಸಿದ ಚಂದನ ಸವರಿಸಿಕೊಂಡು ಹೋದ ಹೆಂಗಸರು ಊಟದ ಹೊತ್ತೆಲ್ಲ ಕೈ ಮೂಸುತ್ತಿದ್ದರು. ಬಿರಿಯಾನಿ ತಿನ್ನುವ ಕೈಯನ್ನಲ್ಲ, ಎಡಗೈಯನ್ನು. ಗಂಡಸರ ಕಡೆ ಹೇಗಿತ್ತು, ನೀವು ನೋಡಿದ್ದೀರಿ.

ನೀವು ಕೊಟ್ಟು ಕಳಿಸಿದ ಸುರ್ಮಾ ಕಾಂತಿಗೆ ತುಂಬ ಇಷ್ಟವಾಯಿತಂತೆ.

ನಿಮ್ಮ
ಸಾಲಿಹಾ


ಗುರುವಾಯನಕೆರೆ
9 ಜನವರಿ 1999

ಪ್ರೀತಿಯ ಸಾಲಿಹಾ,

ರಂಜಾನಿನ ಉಪವಾಸ ಹೇಗೆ ನಡೆಯುತ್ತಿದೆ? ಪೆರ್ನಾಲ್ ಹಬ್ಬದ ಹಿಂದಿನ ದಿನ ರಜೆ ಕೊಡುತ್ತಾರೆ ಎಂದು ಬರೆದಿದ್ದೀ, ಉಮ್ಮ ಈಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಮೂಗು ಹಾಗೆಯೇ ಉಂಟು. ಮೊನ್ನೆ ಸಂಜೆ ಒಮ್ಮೆ ಕಾಫಿಯ ಪರಿಮಳ ಬಂದ ಹಾಗಾಯಿತು, ಓಡಿ ಒಳಗೆ ಹೋಗಿ ಕೇಳಿದರೆ ಉಮ್ಮ ಬಟ್ಟೆ ಒಗೆಯುತ್ತಿದ್ದಳು. ಇಬ್ಬರೂ ನಕ್ಕೆವು. ಅತ್ತರು ಬಿಟ್ಟು ಬರೀ ಟೋಪಿ ಮಾರುವ ಎಂದು ಒಂದೆರಡು ಸಲ ಯೋಚಿಸಿದೆ. ಆದರೆ ಪೆರ್ನಾಲ್ ಹತ್ತಿರ ಬಂತು. ಪ್ರತಿ ವರ್ಷ ಪೆರ್ನಾಲಿಗೆ ನನ್ನ ಕೈಯಿಂದಲೇ ಬೆರೆಸಿದ ಒಂದು ಅತ್ತರು ಕೊಡುತ್ತಿದ್ದೆನಲ್ಲ, ಜನ ಕೇಳಲು ಶುರು ಮಾಡಿದ್ದಾರೆ. ಏನು ಉತ್ತರ ಕೊಡಲಿ?

ಹಾಗಾಗಿ ಮಾಡಿದೆ. ಮೂಗಿನಿಂದಲ್ಲ, ನೆನಪಿನಿಂದ. ಚಂದನವೆಂದರೆ ಬಾಪನ ಮರದ ಪೆಟ್ಟಿಗೆ, ಉಳಿದಿದ್ದ ಹಳೆಯ ಗುಲಾಬಿಯೆಂದರೆ ನಿನ್ನ ಅಕ್ಕನ ಮದುವೆಯ ದಿನ, ಲಾವಂಚವೆಂದರೆ ನೀನು ಸಣ್ಣದಿರುವಾಗ ಸೆಕೆಗೆ ನೀರು ಚಿಮುಕಿಸಿ ಮಲಗಿಸುತ್ತಿದ್ದ ಚಾಪೆ. ಕಣ್ಣು ಮುಚ್ಚಿ ಒಂದೊಂದನ್ನು ನೆನೆಸಿ, ಇಷ್ಟಕ್ಕೆ ಇಷ್ಟು ಎಂದು ಹನಿ ಹಾಕಿದೆ. ಆದರೆ ಏನಾಯಿತು ಎಂದು ನನಗೆ ಗೊತ್ತಿಲ್ಲ ಮಗಳೇ. ಅಡುಗೆ ಮಾಡಿ ರುಚಿ ನೋಡದೆ ಬಡಿಸಿದ ಹಾಗೆ.

ಕುಪ್ಪಿ ಕಳಿಸಿದ್ದೇನೆ. ಇದು ಪರೀಕ್ಷೆಗೂ ಹೌದು, ಪ್ರೀತಿಗೂ ಹೌದು. ಗಮಗಮ ಎಂದು ಬರೆದರೆ ಕುಪ್ಪಿ ವಾಪಸ್ ಕಳಿಸು.

ನಿನ್ನ
ಉಪ್ಪ


ಮೂಡುಬಿದಿರೆ
13 ಜನವರಿ 1999

ಉಪ್ಪಾ,

ಗಮಗಮ ಎಂದು ಬರೆಯಲು ಕೈ ಹೋಯಿತು. ಕಾಗದ ಹರಿದು ಹಾಕಿದೆ. ಇದು ಬೇರೆ ಕಾಗದ.

ಲಾವಂಚ ಜಾಸ್ತಿಯಾಗಿದೆ. ಹಚ್ಚಿದ ಕೂಡಲೇ ಬರೀ ಬೇರು, ಮಣ್ಣು, ಒದ್ದೆ ಚಾಪೆ. ಕಾಂತಿ ಮೂಸಿ, "ನಮ್ಮ ತೋಟದ ಕೆರೆಯ ಬದಿಯ ಹಾಗೆ ಉಂಟು" ಎಂದಳು. ಚಂದನ ಎಲ್ಲೋ ಕೆಳಗೆ ಅಡಗಿ ಕೂತಿದೆ. ಹೀಗೆಯೇ ಮಾರಿದರೆ ತೆಗೆದುಕೊಂಡವರು ಬೈಯದಿರಬಹುದು, ಆದರೆ ಮುಂದಿನ ವರ್ಷ ಕೇಳಲಿಕ್ಕಿಲ್ಲ.

ನನಗೆ ಒದ್ದೆ ಚಾಪೆ ಯಾಕೆ ಹೆಚ್ಚಾಯಿತು ಎಂದು ಗೊತ್ತುಂಟು. ನನ್ನನ್ನು ನೆನೆಸಿದಾಗ ನಿಮ್ಮ ಕೈ ಉದಾರವಾಗಿದೆ. ಕಡಿಮೆ ಮಾಡಿ ಉಪ್ಪಾ. ಅರ್ಧಕ್ಕೆ ಇಳಿಸಿ.

ಇನ್ನೊಂದು, ಇದೂ ನಿಜವೇ. ಬೆಳಿಗ್ಗೆ ಹಚ್ಚಿ ಲ್ಯಾಬಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಲಾವಂಚ ಇಳಿದು ಗುಲಾಬಿ ಮೆಲ್ಲ ಮೇಲೆ ಬಂತು. ಗಾಜಿನ ನಳಿಗೆ ತೊಳೆಯುತ್ತಾ ನಿಂತಿದ್ದೆ. ಶುಕ್ರವಾರ ಜುಮಾಕ್ಕೆ ಮೊದಲು ನಮ್ಮ ಅಂಗಡಿ ಹೇಗಿರುತ್ತದೆಯೋ ಅದೇ. ಅಲ್ಲೇ ಅಳು ಬಂತು. ಪದ್ಮಾಕ್ಷಿ ಮೇಡಂ ಆಸಿಡ್ ಬಿತ್ತು ಎಂದುಕೊಂಡು ಓಡಿ ಬಂದರು. ಗುಲಾಬಿಯನ್ನು ಮಾತ್ರ ಮುಟ್ಟಬೇಡಿ. ಅದು ಸರಿಯಾಗಿಯೇ ಉಂಟು.

ನಿಮ್ಮ
ಸಾಲಿಹಾ


ಗುರುವಾಯನಕೆರೆ
15 ಜನವರಿ 1999

ಮಗಳೇ,

ಲಾವಂಚ ಅರ್ಧಕ್ಕೆ ಇಳಿಸಿದೆ. ಗುಲಾಬಿ ಮುಟ್ಟಲಿಲ್ಲ. ನಿನ್ನ ಕಾಗದವನ್ನು ಉಮ್ಮನಿಗೆ ಓದಿ ಹೇಳುವಾಗ ನಡುವೆ ನಿಲ್ಲಿಸಬೇಕಾಯಿತು, ಉಳಿದದ್ದನ್ನು ಅವಳೇ ಅಕ್ಷರ ಕೂಡಿಸಿ ಓದಿದಳು.

ಹೊಸ ಕುಪ್ಪಿ ಹುಕ್ರಪ್ಪನ ಕೈಯಲ್ಲಿ ಉಂಟು. ಹಚ್ಚಿ ನೋಡಿ ಅವನ ಕೈಯಲ್ಲೇ ಉತ್ತರ ಕಳಿಸು, ಸರಿ ಇಲ್ಲದಿದ್ದರೆ ಸರಿ ಇಲ್ಲ ಎಂದೇ ಬರಿ. ಪುನಃ ಬೆರೆಸುತ್ತೇನೆ, ಪೆರ್ನಾಲಿಗೆ ಇನ್ನೂ ದಿನ ಉಂಟು.

ಇಲ್ಲಿ ಕಪಾಟಿನ ಮುಂದೆ ಜನ ಸೇರುತ್ತಿದ್ದಾರೆ. "ಈ ಸಲದ ಅತ್ತರು ಆಯಿತಾ ಕಾಕಾ?" ಎಂದು ಕೇಳುತ್ತಾರೆ. ಮೊದಲಿನ ಹಾಗೆ ಹತ್ತಿ ಹಿಡಿದು ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೇನೆ. "ಮೂಡುಬಿದಿರೆಯಿಂದ ಇನ್ನೂ ಉತ್ತರ ಬಂದಿಲ್ಲ, ನಾಳೆ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದೇನೆ.

ಉಪ್ಪ